ಹದಿನಾಲ್ಕನೆಯ ಅಧ್ಯಾಯದ ತಾಲೀಮು

ಸಂಪಾದಕಿಯ ಫೋನು ಬಂದಾಗ ನಾನು ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಕಾಲೇಜಿನ ಕಡೆ ನಡೆದಿದ್ದೆ. ಮೊದಲ ಪೀರಿಯಡ್ಡಿಗೆ ಇನ್ನು ಹತ್ತು ನಿಮಿಷವಿತ್ತು. ಕಾದಂಬರಿಯ ಹಸ್ತಪ್ರತಿ ಕಳಿಸಿ ಎರಡು ತಿಂಗಳು ಕಳೆದಿತ್ತು. ರಸ್ತೆ ಬದಿಯ ಕೆಂಪು ಬಾಳೆಹಣ್ಣಿನ ಗಾಡಿಯ ಪಕ್ಕ ನಿಂತು ಫೋನೆತ್ತಿದೆ.

"ಪುಸ್ತಕ ಮಾಡೋಣ್ರಿ ಮೇಡಂ. ಆದ್ರ ಹದಿನಾಲ್ಕನೇ ಅಧ್ಯಾಯ ಹಿಂಗ ಇರಬಾರದು," ಎಂದರು. ಧಾರವಾಡದವರು, ಸುತ್ತುಬಳಸಿ ಮಾತಾಡುವ ರೂಢಿ ಇಲ್ಲ. "ಇಬ್ಬರೂ ಹೆಣ್ಮಕ್ಕಳು ಕನ್ನಡ ಲೆಕ್ಚರರ್ ಮಾತಾಡಿದಂಗ ಮಾತಾಡ್ತಾರ. ದಾಲ್ ಮಿಲ್ಲಿನ್ಯಾಗ ಬ್ಯಾಳಿ ಹಸನ ಮಾಡೋರು 'ಪಶ್ಚಾತ್ತಾಪದ ಬೇಗೆ' ಅಂತಾರೇನ್ರಿ?"

ನಾನು ಕನ್ನಡ ಲೆಕ್ಚರರ್ರೇ. ಮೂರು ತಿಂಗಳ ಗಡುವು ಕೊಟ್ಟು ಫೋನಿಟ್ಟರು.

ಕಾದಂಬರಿ ರುಕ್ಮವ್ವ, ಹಲೀಮಾ ಎಂಬ ಇಬ್ಬರು ಹೆಂಗಸರದು. ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಹದಿನೈದು ವರ್ಷ ಅಕ್ಕಪಕ್ಕ ಕೂತು ತೊಗರಿಬೇಳೆಯೊಳಗಿನ ಕಲ್ಲು, ಕರಿಕಾಳು ಆರಿಸಿದವರು. ಒಂದು ದಿನ ಮಾಲೀಕ ರುಕ್ಮವ್ವನನ್ನು ಮುಕಾದಮಳನ್ನಾಗಿ ಮಾಡುತ್ತಾನೆ, ಅಂದರೆ ಉಳಿದ ಹೆಂಗಸರ ಮೇಲ್ವಿಚಾರಣೆ ಆಕೆಯದು. ಸುಗ್ಗಿಯ ಗಡಿಬಿಡಿಯಲ್ಲಿ, ಮಗುವಿಗೆ ಜ್ವರವೆಂದು ತಡವಾಗಿ ಬಂದ ಹಲೀಮಾಳನ್ನು ಮಾಲೀಕನ ಒತ್ತಾಯಕ್ಕೆ ಗೇಟಿನಿಂದಲೇ ಹಿಂದಕ್ಕೆ ಕಳಿಸುತ್ತಾಳೆ. ಹಲೀಮಾ ಮತ್ತೆ ಮಿಲ್ಲಿನ ಕಡೆ ಬರುವುದಿಲ್ಲ. ಹನ್ನೊಂದು ವರ್ಷದ ಮೇಲೆ ರುಕ್ಮವ್ವ ಆಕೆಯ ಮನೆಗೆ ಹೋಗಿ ಕ್ಷಮೆ ಕೇಳುತ್ತಾಳೆ. ಅದು ಹದಿನಾಲ್ಕನೆಯ ಅಧ್ಯಾಯ, ಇಪ್ಪತ್ತೆರಡು ಪುಟ. ಬರೆಯುವಾಗ ನಾನು ಅತ್ತಿದ್ದೆ. ಅತ್ತದ್ದರಿಂದ ಅದು ಚೆನ್ನಾಗಿದೆ ಎಂದುಕೊಂಡಿದ್ದೆ.

ರುಕ್ಮವ್ವ ನನ್ನ ಅವ್ವ. ಇದನ್ನು ಸಂಪಾದಕಿಗೆ ಹೇಳಿರಲಿಲ್ಲ, ಅವ್ವನಿಗೂ ಹೇಳಿರಲಿಲ್ಲ. ಗೇಟಿನ ಸಂಗತಿಯನ್ನು ಚಿಕ್ಕಂದಿನಲ್ಲಿ ಅರ್ಧಮರ್ಧ ಕೇಳಿದ್ದೆ, ಮಿಕ್ಕಿದ್ದನ್ನು ನಾನೇ ಕಟ್ಟಿಕೊಂಡಿದ್ದೆ. ಅವ್ವನಿಗೆ ಸಹಿ ಮಾಡುವಷ್ಟು ಮಾತ್ರ ಅಕ್ಷರ ಬರುತ್ತದೆ. ಪುಸ್ತಕ ಬಂದರೂ ಆಕೆ ಓದಲಾರಳು ಎಂಬ ಧೈರ್ಯ ನನಗೆ ಇತ್ತೆಂದು ಈಗ ಒಪ್ಪಿಕೊಳ್ಳಬೇಕು.

ಮೊದಲ ಮೂರು ವಾರ ನಾನು ಮಾಡಿದ್ದು ಶಬ್ದ ಬದಲಿಸುವ ಕೆಲಸ. 'ಪಶ್ಚಾತ್ತಾಪದ ಬೇಗೆ' ಹೋಗಿ 'ಹೊಟ್ಟ್ಯಾಗ ಬೆಂಕಿ' ಬಂತು. 'ಕ್ಷಮೆ' ಹೋಗಿ 'ಮಾಫಿ' ಬಂತು. ಮೂರು ಸಲ ತಿದ್ದಿ ಓದಿದರೂ ಅದೇ ಲೆಕ್ಚರು, ಬಟ್ಟೆ ಮಾತ್ರ ಬೇರೆ.

ಆ ಹೊತ್ತಿಗೆ ನಮ್ಮ ಕಾಲೇಜಿನ ಏಕಾಂಕ ಸ್ಪರ್ಧೆಗೆ ತೀರ್ಪುಗಾರರಾಗಿ ಕಲಬುರಗಿಯಿಂದ ಒಬ್ಬ ನಾಟಕ ನಿರ್ದೇಶಕರು ಬಂದರು. ಮೂವತ್ತು ವರ್ಷ ಹವ್ಯಾಸಿಗಳನ್ನು ಕಟ್ಟಿಕೊಂಡು ನಾಟಕ ಆಡಿಸಿದವರು. ನನ್ನ ಮನೆಯೂ ಕಲಬುರಗಿಯಲ್ಲೇ, ಸಂಜೆ ಇಬ್ಬರೂ ಒಂದೇ ಬಸ್ಸಿನಲ್ಲಿ ವಾಪಸಾದೆವು. ಮಾತಿಗೆ ಮಾತು ಬಂದು ನನ್ನ ತೊಡಕನ್ನು ಹೇಳಿಕೊಂಡೆ.

"ಎರಡ್ ಪುಟ ಓದ್ರಿ, ನೋಡೋಣು," ಎಂದರು.

ಮೊಬೈಲಿನಲ್ಲಿದ್ದುದನ್ನು ತೆಗೆದು ಓದಿದೆ. ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ, "ಈಕಿ ಇಷ್ಟೆಲ್ಲ ಮಾತಾಡ್ಲಾಕತ್ತಾಳಲ್ಲ, ನಿಂತಾಳೋ ಕುಂತಾಳೋ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ.

"ಬಾಗಲಾ ಎಲ್ಲದ?"

ಅದೂ ಗೊತ್ತಿರಲಿಲ್ಲ.

"ರುಕ್ಮವ್ವ ಹೋದಾಗ ಹಲೀಮಾ ಏನ್ ಮಾಡ್ಲಾಕತ್ತಿದ್ಳು?"

"ಆಕಿ ಬರೋದನ್ನ ಕಾಯ್ಲಾಕತ್ತಿದ್ಳು ಸರ್."

"ಹನ್ನೊಂದ್ ವರ್ಷ ಕಾಯ್ಕೋತ ಕುಂತಿದ್ಳಾ? ಅಡಗಿ ಗಿಡಗಿ ಏನೂ ಮಾಡ್ಲಿಲ್ಲ?"

ಮುಂದಿನ ಸೀಟಿನ ಮನುಷ್ಯ ನಕ್ಕ. ನಿರ್ದೇಶಕರು ನಗಲಿಲ್ಲ. "ಐತಾರ ಮುಂಜಾನಿ ನಮ್ಮ ತಾಲೀಮಿಗಿ ಬರ್ರಿ. ಹಾಳಿ ತರ್ರಿ. ಪೆನ್ನು ತರಬ್ಯಾಡ್ರಿ," ಎಂದರು.

ತಾಲೀಮು ನಡೆಯುವುದು ಕಲಬುರಗಿಯ ಐವಾನ್-ಎ-ಶಾಹಿ ಬಡಾವಣೆಯ ಕಡೆ, ಒಂದು ಹಳೆಯ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ. ಹತ್ತು ಗಂಟೆಗೆಲ್ಲ ತಗಡು ಕಾಯುವುದರಿಂದ ಏಳಕ್ಕೇ ಸೇರುತ್ತಾರೆ. ಆ ಭಾನುವಾರ ಇದ್ದವರು ಇಬ್ಬರೇ. ಒಬ್ಬಾಕೆ ಅಂಗನವಾಡಿ ಕಾರ್ಯಕರ್ತೆ, ಇಪ್ಪತ್ತು ವರ್ಷದಿಂದ ಪಾತ್ರ ಮಾಡುತ್ತಿರುವವಳು. ಇನ್ನೊಬ್ಬ ಮೋಮಿನಪುರದ, ಅಂದರೆ ನನ್ನ ಹಲೀಮಾಳ ಮನೆಯಿರುವ ಬಡಾವಣೆಯ, ಎಲೆಕ್ಟ್ರಿಷಿಯನ್, ಗಡ್ಡ ಬಿಟ್ಟ ನಲವತ್ತರ ಮನುಷ್ಯ.

ನಿರ್ದೇಶಕರು ನನ್ನ ಕೈಗೆ ಸೀಮೆಸುಣ್ಣ ಕೊಟ್ಟು ಹಲೀಮಾಳ ಮನೆಯನ್ನು ಫರಸಿಗಲ್ಲಿನ ನೆಲದ ಮೇಲೆ ಬರೆಯಲು ಹೇಳಿದರು. ಬಾಗಿಲು, ಒಲೆ, ನೀರಿನ ಕೊಡ, ಮಲಗುವ ಜಾಗ, ಬೆಳಕು ಬರುವ ಕಡೆ. ಇಪ್ಪತ್ತೆರಡು ಪುಟದಲ್ಲಿ 'ಮನೆ' ಎಂದು ಎಷ್ಟೋ ಸಲ ಬರೆದಿದ್ದೆ. ಈಗ ಗೆರೆ ಎಳೆಯಲು ಮುಕ್ಕಾಲು ಗಂಟೆ ಬೇಕಾಯಿತು. ಒಲೆಯನ್ನು ಬಾಗಿಲಿಗೆ ಎದುರಾಗಿ ಇಟ್ಟರೆ ಹಲೀಮಾ ಬಂದವಳನ್ನು ಕೂಡಲೇ ನೋಡುತ್ತಾಳೆ. ಪಕ್ಕಕ್ಕಿಟ್ಟರೆ ಬಂದವಳು ಅರೆಗಳಿಗೆ ಆಕೆಯ ಬೆನ್ನನ್ನು ನೋಡುತ್ತ ನಿಲ್ಲಬೇಕಾಗುತ್ತದೆ. ಒಲೆಯನ್ನು ಅಳಿಸಿ ಪಕ್ಕಕ್ಕೆ ಬರೆದೆ. ಇಡೀ ಅಧ್ಯಾಯದಲ್ಲಿ ನಾನು ಕೈಗೊಂಡ ಮೊದಲ ಸರಿಯಾದ ತೀರ್ಮಾನ ಅದೇ ಇರಬೇಕು.

ಅಂಗನವಾಡಿಯಾಕೆ ರುಕ್ಮವ್ವನ ಮಾತು ಓದಿದರು. ಹಲೀಮಾಳದನ್ನು ಎಲೆಕ್ಟ್ರಿಷಿಯನ್ ಓದಿದರು. ಒಂದು ಪುಟವಾಗುತ್ತಲೇ ಅವರು ಹಾಳೆ ಕೆಳಗಿಟ್ಟರು.

"ಮೇಡಂ, ಒಂದ್ ಮಾತು. ಹನ್ನೊಂದು ವರ್ಷದ ಸಿಟ್ಟು ಇರ್ಲಿ. ಬಾಗಲದಾಗ ಮನುಷ್ಯ ನಿಂತಾನಂದ್ರ ನಮ್ಮ ಅಮ್ಮಿ ಮೊದಲ 'ಆವೋ' ಅಂತಾಳ. ಒಳಗ ಕರೀತಾಳ. ಆಮ್ಯಾಲ ಸಿಟ್ಟು. ಈ ನಿಮ್ಮ ಹಲೀಮಾ ಬಾಗಲದಾಗೇ ನಿಂದರಿಸಿ ಭಾಷಣ ಮಾಡ್ತಾಳ."

ನಿರ್ದೇಶಕರು ಕೊಟ್ಟ ಮುಂದಿನ ಕೆಲಸ ಮಾತುಗಳದು. ಪ್ರತಿ ಮಾತಿನ ಪಕ್ಕ ಒಂದೊಂದು ಕ್ರಿಯಾಪದ ಹಚ್ಚಬೇಕು: ಈ ಮಾತಿನಿಂದ ಆಕೆ ಎದುರಿನವಳಿಗೆ ಏನು ಮಾಡಲು ಹೊರಟಿದ್ದಾಳೆ? ಚುಚ್ಚುತ್ತಾಳೆ, ಒಲಿಸುತ್ತಾಳೆ, ತಪ್ಪಿಸಿಕೊಳ್ಳುತ್ತಾಳೆ, ಅಳೆದು ನೋಡುತ್ತಾಳೆ. 'ವಿವರಿಸುತ್ತಾಳೆ' ಎಂದು ಮಾತ್ರ ಬರೆಯಕೂಡದು. ಸಾಲಾಗಿ ಎರಡು ಮಾತಿಗೆ ಒಂದೇ ಕ್ರಿಯಾಪದ ಬಂದರೆ ಒಂದನ್ನು ಹೊಡೆದುಹಾಕಬೇಕು. ಆ ವಾರ ಕಮಲಾಪುರದ ಬಸ್ಸಿನಲ್ಲಿ ಹೋಗುತ್ತ ಬರುತ್ತ ಇದನ್ನೇ ಮಾಡಿದೆ. ಅರ್ಧಕ್ಕಿಂತ ಹೆಚ್ಚು ಮಾತುಗಳ ಪಕ್ಕ ಪ್ರಾಮಾಣಿಕವಾಗಿ ಬರೆಯಬಹುದಾದದ್ದು 'ವಿವರಿಸುತ್ತಾಳೆ' ಎಂಬುದೊಂದೇ. ಅದೂ ಹಲೀಮಾಳಿಗಲ್ಲ. ಆ ಸಂಗತಿಯೆಲ್ಲ ಹಲೀಮಾಳಿಗೆ ಮೊದಲೇ ಗೊತ್ತು. ರುಕ್ಮವ್ವ ವಿವರಿಸುತ್ತಿದ್ದುದು ಓದುಗರಿಗೆ, ನನ್ನ ಪರವಾಗಿ. ಹೊಡೆಯುತ್ತ ಹೋದೆ. ಇಪ್ಪತ್ತೆರಡು ಪುಟ ಒಂಬತ್ತಕ್ಕೆ ಇಳಿಯಿತು.

ಒಂಬತ್ತು ಪುಟವನ್ನು ಸಂಪಾದಕಿಗೆ ಕಳಿಸಿದೆ. ಮರುದಿನವೇ ಉತ್ತರ ಬಂತು: ಇದಾಗಬಹುದು, ಅಚ್ಚಿಗೆ ಕಳಿಸೋಣ, ಮುಖಪುಟ ಮಾಡಿಸುತ್ತೇನೆ. ನಾನು ಪೇಢೆ ತೆಗೆದುಕೊಂಡು ಮೂರನೆಯ ಭಾನುವಾರ ತಾಲೀಮಿಗೆ ಹೋದೆ. ಇನ್ನೊಮ್ಮೆ ಆಡಿಸಿ ನೋಡುವ ಖುಷಿಗೆ, ಅಷ್ಟೇ.

ಅರ್ಧದಲ್ಲಿ ಅಂಗನವಾಡಿಯಾಕೆ ನಿಲ್ಲಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ತಪ್ಪು ತಿಳ್ಕೋಬ್ಯಾಡ್ರಿ ಮೇಡಂ. ನನಗ ಇದರಾಗ ಮಾಡ್ಲಿಕ್ಕ ಕೆಲಸೇ ಇಲ್ಲ. ಹೋಗ್ತೀನಿ, ಮಾಫಿ ಕೇಳ್ತೀನಿ, ಆಕಿ ಮಾಫ್ ಮಾಡ್ತಾಳ. ನಾನೂ ಒಳ್ಳೇಕಿ, ಆಕೀನೂ ಒಳ್ಳೇಕಿ. ಆ ಮಾಲೀಕ ಒಬ್ಬವನೇ ಕೆಟ್ಟವ, ಅವ ಇಲ್ಲಿ ಇಲ್ಲೇ ಇಲ್ಲ. ಮತ್ತ ನಾಟಕ ಎಲ್ಲದ?"

ನನಗೆ ಸಿಟ್ಟು ಬಂತು. ಪೇಢೆಯ ಡಬ್ಬಿಯನ್ನು ತೆರೆಯದೆ ಅಲ್ಲೇ ಇಟ್ಟು ಬಂದೆ. ಸಂಪಾದಕಿ ಒಪ್ಪಿದ ಮೇಲೆ ಇವರದೇನು ಎಂದು ಬಸ್ಸಿನುದ್ದಕ್ಕೂ ಮನಸ್ಸಿನಲ್ಲೇ ಜಗಳವಾಡಿದೆ. ಮುಂದಿನ ಎರಡು ವಾರ ನಿರ್ದೇಶಕರು ತಂಡ ಕಟ್ಟಿಕೊಂಡು ಬೇರೆ ಊರಿಗೆ ಹೋಗಿದ್ದರಿಂದ ಶೆಡ್ಡಿಗೆ ಬೀಗ ಬಿತ್ತು. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು.

ಆ ಎರಡು ವಾರದಲ್ಲಿ, ಸಿಟ್ಟು ಇಳಿದ ಮೇಲೆ, ಒಂದು ಮಧ್ಯಾಹ್ನ ಕಮಲಾಪುರದ ನನ್ನ ದ್ವಿತೀಯ ಪಿಯು ತರಗತಿಯಲ್ಲಿ ಡೆಸ್ಕುಗಳನ್ನು ಗೋಡೆಗೆ ಸರಿಸಿ, ಹುಡುಗರಿಗೆ ಒಂದು ಸನ್ನಿವೇಶ ಆಡಲು ಕೊಟ್ಟೆ. ಒಬ್ಬರು ಮನೆಯಲ್ಲಿರಬೇಕು. ಬೇಡವಾದವರೊಬ್ಬರು ಬರಬೇಕು. ಹೋಗಿ ಎನ್ನುವ ಹಾಗಿಲ್ಲ. ಹುಡುಗರು ಒಬ್ಬರಾದ ಮೇಲೊಬ್ಬರು ಕೈಕಟ್ಟಿ ನಿಂತು ಕೂಗಾಡಿದರು. ಕೊನೆಗೆ ಎದ್ದ ಹುಡುಗಿಯ ಮನೆಯವರು ರಸ್ತೆ ಬದಿಯಲ್ಲಿ ಬಾಳೆಹಣ್ಣು ಮಾರುತ್ತಾರೆ. ಅವಳು ನೆಲಕ್ಕೆ ಕೂತು, ಇಲ್ಲದ ಗೊನೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಹಣ್ಣು ಬಿಡಿಸತೊಡಗಿದಳು. ಬಂದವಳನ್ನು ನೋಡಿದ್ದು ನಮಗೆಲ್ಲ ಕಂಡಿತು. ಆದರೂ ತಲೆಯೆತ್ತದೆ "ಯಾರು?" ಎಂದಳು. ಬಂದವಳು ಹೆಸರು ಹೇಳಿದಳು. ಇವಳು ಇನ್ನೂ ನಾಲ್ಕು ಹಣ್ಣು ಬಿಡಿಸಿದಳು.

"ಕೈಯಾಗ ಕೆಲಸ ಯಾಕ ಹಿಡ್ಕೊಂಡಿ?" ಎಂದು ಆಮೇಲೆ ಕೇಳಿದೆ.

"ಕೈ ಖಾಲಿ ಇದ್ರ ಮಾರಿ ನೋಡಬೇಕಾಗ್ತದ್ರಿ ಮೇಡಂ," ಎಂದಳು.

ಮುಂದಿನ ತಾಲೀಮಿಗೆ ಮನೆಯಿಂದ ಎರಡು ಸೇರು ಅಕ್ಕಿ, ಒಂದು ದೊಡ್ಡ ತಾಟು ಒಯ್ದೆ. ಹಲೀಮಾ ಅಕ್ಕಿ ಆರಿಸುತ್ತಿರಲಿ ಎಂದೆ. ಮೇಲಿಂದ ಮೇಲೆ ಕೇಳುವ ಆ ಅಕ್ಕಿಯ ಸದ್ದಿನ ನಡುವೆ ಮೊದಲ ಮೂರು ಪುಟ ಜೀವ ತಳೆದವು. ಎಷ್ಟೋ ಮಾತು ಬೇಡವಾದವು. ಆದರೆ ಮಾಫಿಯ ಜಾಗಕ್ಕೆ ಬಂದಾಗ ಮತ್ತೆ ಎಲ್ಲ ತಣ್ಣಗಾಯಿತು.

ನಿರ್ದೇಶಕರು ನಡುವೆ ಒಂದು ಕುರ್ಚಿ ಹಾಕಿದರು. "ಈಗ ಜಬಾನಿ," ಎಂದರು. ಠಾಣೆಯಲ್ಲಿ ಸಾಕ್ಷಿಯ ಹೇಳಿಕೆ ಬರೆಸಿಕೊಳ್ಳುವುದಕ್ಕೆ ನಮ್ಮ ಕಡೆ ಇರುವ ಮಾತು ಅದು. ಲೇಖಕಿ ಪಾತ್ರವಾಗಿ ಕುರ್ಚಿಯಲ್ಲಿ ಕೂರಬೇಕು, ಉಳಿದವರು ಕೇಳಿದ್ದಕ್ಕೆ ತಡಮಾಡದೆ ಉತ್ತರ ಕೊಡಬೇಕು. ನಾನು ರುಕ್ಮವ್ವನಾಗಿ ಕೂತೆ.

"ಅವತ್ತ ಮಾಲೀಕ ಎಲ್ಲಿದ್ದ?" ಅಂಗನವಾಡಿಯಾಕೆ ಕೇಳಿದರು.

"ಆಫೀಸಿನ್ಯಾಗ."

"ಗೇಟ್ ಯಾರ್ ಹಾಕಿದ್ರು?"

"ನಾನೇ."

"ಮರುದಿನ ಹಲೀಮಾ ಬರ್ಲಿಲ್ಲ. ಏನ್ ಅನಸ್ತು?"

"ದುಃಖ ಆತು."

ಎಲೆಕ್ಟ್ರಿಷಿಯನ್ ಸಾವಕಾಶ ಕೇಳಿದರು: "ಮತ್ತ ಮನಿಗಿ ಹೋಗಿ ಯಾಕ ಕರೀಲಿಲ್ಲ? ಮೋಮಿನಪುರ ಏನ್ ದೂರದ?"

ಹದಿನಾಲ್ಕು ಅಧ್ಯಾಯ ಬರೆದರೂ ಆ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

ನಾನೂ ಅವ್ವನೂ ಇರುವುದು ಕಲಬುರಗಿಯ ಅಂಚಿನ ಕೋಟನೂರಿನಲ್ಲಿ. ಅಂದು ಮಧ್ಯಾಹ್ನ ಅವ್ವ ಟಿವಿ ನೋಡುತ್ತ ಕೂತಿದ್ದಳು. ಪಕ್ಕ ಕೂತು, ಏನೋ ನೆನಪಾದವಳಂತೆ, "ಯವ್ವಾ, ಮಿಲ್ಲಿನ್ಯಾಗ ನಿನ್ನ ಗೆಳತಿ ಇದ್ಳಲ್ಲ, ಮೋಮಿನಪುರದಾಕಿ. ಆಮ್ಯಾಲ ನೀ ಆಕಿ ಮನಿಗಿ ಯಾಕ ಹೋಗ್ಲಿಲ್ಲ?" ಎಂದೆ.

ಅವ್ವ ಟಿವಿ ಆರಿಸಿದಳು. ನನ್ನ ಕಡೆ ತಿರುಗಿ ಕೇಳಿದಳು: "ನನ್ನ ಪಾರ್ಟ್ ಯಾರ್ ಮಾಡ್ಲಾಕತ್ತಾರ?"

ನಾನು ಮಾತು ಮರೆಸಲು ನೋಡಿದೆ.

"ಎರಡ್ ವರ್ಷ ಆತು, ಅಂಗಳದಾಗ ಜೋರಾಗಿ ಓದ್ಕೋತ ತಿರಗ್ಯಾಡ್ತಿ. ಈಗ ನಾಟಕದ ತಾಲೀಮಂತ ತಾಟು, ಅಕ್ಕಿ ಒಯ್ತಿ. ನಾ ಏನ್ ಕಿವುಡಿ ಏನು?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಅದು ನನಗೆ ಇನ್ನಷ್ಟು ಕಷ್ಟವಾಯಿತು. "ಒಂದ್ ಸಲ ಕರ್ಕೊಂಡ್ ನಡಿ. ನೋಡ್ತೀನಿ."

ಐದನೆಯ ತಾಲೀಮಿಗೆ ಅವ್ವ ಬೌದ್ಧ ವಿಹಾರಕ್ಕೆ ಹೋಗುವಾಗ ಉಡುವ ಬಿಳಿ ಸೀರೆ ಉಟ್ಟು ಬಂದಳು. ನಿರ್ದೇಶಕರು ಎದ್ದು ನಿಂತು ಕುರ್ಚಿ ಕೊಟ್ಟರು. "ಬರ್ರಿ ಅಕ್ಕಾ, ಕೂಡ್ರಿ," ಎಂದರು. ಯಾರೆಂದು ನಾನು ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಸುಣ್ಣದ ಮನೆಯೊಳಗೆ ಎಲೆಕ್ಟ್ರಿಷಿಯನ್ ತಾಟು ಇಟ್ಟುಕೊಂಡು ಅಕ್ಕಿ ಆರಿಸತೊಡಗಿದರು. ಅಂಗನವಾಡಿಯಾಕೆ ಬಾಗಿಲ ಗೆರೆಯ ಹೊರಗೆ ನಿಂತರು. ನಾನು ಅವ್ವನ ಮುಖ ನೋಡುವ ಧೈರ್ಯವಾಗದೆ ಹಾಳೆ ನೋಡುತ್ತ ಕೂತೆ.

ಎರಡನೆಯ ಪುಟದ ಹೊತ್ತಿಗೆ ಪಕ್ಕದ ಕುರ್ಚಿ ಸದ್ದು ಮಾಡಿತು. ಅವ್ವ ಎದ್ದು, ನೇರವಾಗಿ ಸುಣ್ಣದ ಗೋಡೆಯನ್ನು ದಾಟಿ, ಎಲೆಕ್ಟ್ರಿಷಿಯನ್ ಎದುರಿಗೆ ಕೂತಳು. ತಾಟಿನ ಅರ್ಧ ಅಕ್ಕಿಯನ್ನು ತನ್ನ ಕಡೆ ಎಳೆದುಕೊಂಡಳು.

"ಹಿಂಗಲ್ಲಪಾ. ಬೆರಳು ಚಪ್ಪಟ ಇಡಬೇಕು. ಕಾಳು ಸರಸ್ಕೋತ ಹೋಗಬೇಕು. ಹಳ್ಳು ತಾನೇ ಹಿಂದ ಉಳೀತದ."

ನಾನು ಏಳಲು ಹೋದೆ. ನಿರ್ದೇಶಕರು ಕೈ ಸನ್ನೆ ಮಾಡಿ ಕೂರಿಸಿದರು. ಅಂಗನವಾಡಿಯಾಕೆ ಸದ್ದಿಲ್ಲದೆ ಗೆರೆಯಿಂದ ದೂರ ಸರಿದರು. ಎಲೆಕ್ಟ್ರಿಷಿಯನ್ ಆಟ ನಿಲ್ಲಿಸಲಿಲ್ಲ. ಅವ್ವ ತೋರಿಸಿದ ಹಾಗೆ ಬೆರಳಿಟ್ಟು ಅಕ್ಕಿ ಸರಿಸುತ್ತ, ತಲೆಯೆತ್ತದೆ, ಹಲೀಮಾಳ ದನಿಯಲ್ಲಿ ಕೇಳಿದರು:

"ಇತ್ತೇ ದಿನ್ ಕೂ ಯಾದ್ ಆಯಾ ಕ್ಯಾ?"

ಇಷ್ಟು ದಿನಕ್ಕೆ ನೆನಪಾಯಿತೇ ಎಂದು. ಅದು ನಾನು ಬರೆದ ಮಾತಲ್ಲ. ಅವ್ವನ ಕೈ ನಿಂತಿತು.

"ನಾ ಬಂದಿಲ್ಲ," ಎಂದಳು. "ಈಕಿ ಬರದಾಳ, ಬಂದೀನಂತ. ನಾ ಬಂದೇ ಇಲ್ಲ. ಇಪ್ಪತ್ತ್ ವರ್ಷ ಆತು."

"ಯಾಕ?"

ಅವ್ವ ಮತ್ತೆ ಅಕ್ಕಿಗೆ ಕೈ ಹಾಕಿದಳು. ಒಂದು ಕಲ್ಲು ತೆಗೆದು ಪಕ್ಕಕ್ಕಿಟ್ಟಳು. "ಮರುದಿನ ನೀ ಬರ್ಲಿಲ್ಲ. ನನಗ ಹಗುರ ಆತು. ನಿನ್ನ ಕೈ ನನ್ನ ಕೈಗಿಂತ ಜಲ್ದಿ ಇತ್ತು. ನಾ ಮುಕಾದಮ ಆದ್ರೂ ಹೆಣ್ಮಕ್ಳು ಏನರ ಕೇಳಬೇಕಂದ್ರ ನಿನ್ನ ಮಾರಿ ನೋಡ್ತಿದ್ರು. ಮನಿಗಿ ಬಂದು ಕರದ್ರ ನೀ ಬರ್ತಿದ್ದಿ. ಅದಕ್ಕ ಕರೀಲಿಲ್ಲ."

ತಾಟಿನ ಅಕ್ಕಿ ಮುಗಿಯುವವರೆಗೆ ಇಬ್ಬರೂ ಆರಿಸಿದರು. ಮುಗಿದ ಮೇಲೆ ಅವ್ವ ಸೆರಗು ಝಾಡಿಸಿ ಎದ್ದು, "ಚಾ ಕುಡ್ಯೋದು ಇಲ್ಲೇನ್ರಿ ನಿಮ್ಮ ನಾಟಕದಾಗ?" ಎಂದು ನಿರ್ದೇಶಕರನ್ನು ಕೇಳಿದಳು.

ಆಟೋದಲ್ಲಿ ಮನೆಗೆ ಬರುವಾಗ ನಾನು ಕೇಳಿದ್ದು ಒಂದೇ: "ಮಾಲೀಕ ಏನ್ ಅಂದಿದ್ದ?"

"ಅವ ಏನೂ ಅಂದಿದ್ದಿಲ್ಲ. ಅವ್ನಿಗಿ ಗೊತ್ತೇ ಇದ್ದಿಲ್ಲ."

ಅಂದರೆ ಕಾದಂಬರಿಯಲ್ಲಿ ತಪ್ಪಿದ್ದುದು ಹದಿನಾಲ್ಕನೆಯ ಅಧ್ಯಾಯವೊಂದೇ ಅಲ್ಲ. ಅವ್ವನ ಮೇಲೆ ಕಳಂಕ ಬರಬಾರದೆಂದು ನಾನು ಒಬ್ಬ ದುಷ್ಟ ಮಾಲೀಕನನ್ನು ತಂದು ನಿಲ್ಲಿಸಿದ್ದೆ. ಅಲ್ಲಿಂದಾಚೆ ರುಕ್ಮವ್ವನಿಗೆ ಮಾಡಲು ಏನೂ ಉಳಿದಿರಲಿಲ್ಲ. ಅಂಗನವಾಡಿಯಾಕೆ ಮೆಟ್ಟಿಲ ಮೇಲೆ ಕೂತು ಹೇಳಿದ್ದು ಅದನ್ನೇ.

ಮರುದಿನ ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತಿದ್ದಾಗ ಕೇಳಿದೆ: "ನಿನ್ನೆ ನೀ ಹೇಳಿದ್ದು ಬರೀಲೇನು?"

"ನನ್ನ ಹೆಸರು ಹಾಕಬ್ಯಾಡ."

"ಹೆಸರು ರುಕ್ಮವ್ವ ಅದ."

ಅವ್ವ ರೊಟ್ಟಿ ತಿರುವಿ ಹಾಕಿದಳು. "ಬರಿ. ಆಕಿಗಿ ಜರಾ ಚೊಲೊ ಸೀರಿ ಉಡಸು."

ಆ ದಿನವೇ ಕಮಲಾಪುರದ ಸ್ಟಾಫ್‌ರೂಮಿನಿಂದ ಸಂಪಾದಕಿಗೆ ಫೋನು ಮಾಡಿದೆ. ಅಚ್ಚು ನಿಲ್ಲಿಸಿ, ಹದಿನಾಲ್ಕನೆಯ ಅಧ್ಯಾಯ ತೆಗೆಯುತ್ತೇನೆ, ಅದಕ್ಕೆ ಹಿಂದಿನ ಎರಡು ಅಧ್ಯಾಯಗಳನ್ನೂ ಹೊಸದಾಗಿ ಬರೆಯಬೇಕು ಎಂದೆ. ಅವರು ಬೇಸರ ಮುಚ್ಚಿಡಲಿಲ್ಲ.

"ಓದೋರು ಮೊದಲನೇ ಪುಟದಿಂದ ಇಬ್ಬರೂ ಭೆಟ್ಟಿ ಆಗ್ಲಿ ಅಂತ ಕಾಯ್ತಾರ್ರಿ ಮೇಡಂ. ನೀವು ಭೆಟ್ಟೀನೇ ಇಲ್ಲ ಅಂತೀರಿ."

"ನಾನೂ ಕಾಯ್ಲಾಕತ್ತಿದ್ದೆರಿ. ಅದಕ್ಕೇ ಭೆಟ್ಟಿ ಮಾಡ್ಸಿಬಿಟ್ಟಿದ್ದೆ."

ಆಚೆ ಕಡೆ ಕ್ಯಾಲೆಂಡರಿನ ಹಾಳೆ ಮಗುಚಿದ ಸದ್ದಾಯಿತು. ಆಮೇಲೆ, "ನಲವತ್ತು ದಿನ. ಅದರ ಮ್ಯಾಲ ಒಂದ್ ದಿನಾನೂ ಇಲ್ಲ," ಎಂದರು.

ಗೇಟಿನ ದೃಶ್ಯವನ್ನು ಶೆಡ್ಡಿನಲ್ಲಿ ಆರು ಸಲ ಆಡಿಸಿದೆವು. ಮಿಲ್ಲಿನ ಹೆಂಗಸರ ಬದಲು ಖಾಲಿ ಕುರ್ಚಿಗಳು. ಕುರ್ಚಿಗಳು ರುಕ್ಮವ್ವನ ಬೆನ್ನ ಹಿಂದಿದ್ದಾಗ ಆಕೆ ಹಲೀಮಾಳ ಜೊತೆ ಮಾತಾಡಿದಂತಿತ್ತು. ಕುರ್ಚಿಗಳನ್ನು ಎರಡೂ ಪಕ್ಕಕ್ಕೆ ಸರಿಸಿದಾಗ ಅದೇ ಮಾತನ್ನು ಆಕೆ ಆ ಹೆಂಗಸರಿಗೆ ಕೇಳಿಸಲೆಂದೇ ಆಡುತ್ತಿದ್ದಾಳೆ ಎಂಬುದು ಕಂಡಿತು. ಮೂರು ಪುಟದ ವಾಗ್ವಾದ ಹೋಗಿ ಒಂದೇ ಸಾಲು ಉಳಿಯಿತು: "ಗೇಟ್ ಬಂದ್ ಆಗ್ಯಾದ. ನಾಳಿ ಬಾ." ಅವ್ವನನ್ನು ಕೇಳಿದಾಗ, ತಾನು ಅಂದದ್ದೂ ಹೆಚ್ಚುಕಡಿಮೆ ಅಷ್ಟೇ ಎಂದಳು.

ಹೊಸ ಹದಿನಾಲ್ಕನೆಯ ಅಧ್ಯಾಯದಲ್ಲಿ ರುಕ್ಮವ್ವ ಮೋಮಿನಪುರದ ಗಲ್ಲಿಯ ಬಾಯಿಯವರೆಗೆ ಹೋಗಿ ತಿರುಗಿ ಬರುತ್ತಾಳೆ. ಅಂಗನವಾಡಿಯಾಕೆ ಅದನ್ನು ಮಾತಿಲ್ಲದೆ ಆಡಿದರು. ಕಂಡದ್ದನ್ನು ಮಾತ್ರ ಬರೆದುಕೊಳ್ಳಬೇಕು, ಅನಿಸಿದ್ದನ್ನಲ್ಲ, ಎಂಬುದು ನಿರ್ದೇಶಕರು ಹಾಕಿದ ಷರತ್ತು. ಪೆನ್ನಿಗೆ ಅಂದು ಅನುಮತಿ ಸಿಕ್ಕಿತ್ತು. ಆಕೆ ನಿಂತರು. ಒಂದು ಕಾಲಿನ ಚಪ್ಪಲಿ ಕಳಚಿ, ಒಳಗಿನ ಕಲ್ಲು ಝಾಡಿಸಿ, ಮತ್ತೆ ಮೆಟ್ಟಿದರು. ಕಲ್ಲು ಇರಲಿಲ್ಲ. ಯಾರೋ ಕೇಳಿದವರಿಗೆ ಎಂಬಂತೆ ಬೇರೆ ಕಡೆ ಕೈ ತೋರಿಸಿದರು. ತಿರುಗಿ ಹೋಗುವಾಗ ಬಂದದ್ದಕ್ಕಿಂತ ಬೇಗ ನಡೆದರು. ನಾಲ್ಕು ಪುಟವಾಯಿತು. 'ದುಃಖ' ಎಂಬ ಶಬ್ದ ಅದರಲ್ಲಿ ಎಲ್ಲೂ ಇಲ್ಲ. ಬೇಕೆಂದು ಬಿಟ್ಟದ್ದಲ್ಲ, ಅದಕ್ಕೆ ಜಾಗವೇ ಬರಲಿಲ್ಲ.

ಕಳಿಸುವ ಮುನ್ನ ಆ ನಾಲ್ಕು ಪುಟವನ್ನು ಕಮಲಾಪುರದ ನನ್ನ ತರಗತಿಯಲ್ಲಿ ಓದಿದೆ. ನನ್ನ ಹೊಗಳಿ ಅವರಿಗೆ ಆಗಬೇಕಾದ್ದು ಏನೂ ಇರಲಿಲ್ಲ, ಪರೀಕ್ಷೆಗೆ ಬರುವ ಪಾಠವೂ ಅಲ್ಲ. ಮುಗಿದ ಮೇಲೆ ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತ.

"ಮತ್ತ ನಾಳಿ ಹೋಗ್ತಾಳೇನ್ರಿ ಮೇಡಂ?"

"ಗೊತ್ತಿಲ್ಲಪಾ."

"ಹೋಗ್ತಾಳ್ರಿ," ಎಂದು ಕೂತ. ಪಕ್ಕದವನು "ಹೋಗಂಗಿಲ್ಲ ಬಿಡಲೇ" ಎಂದ. ಬೆಲ್ಲು ಹೊಡೆದರೂ ಇಬ್ಬರ ವಾದ ನಿಲ್ಲಲಿಲ್ಲ. ಅಂದು ಸಂಜೆ ಹಸ್ತಪ್ರತಿ ಕಳಿಸಿದೆ. ನಲವತ್ತು ದಿನದಲ್ಲಿ ಎರಡು ದಿನ ಇನ್ನೂ ಉಳಿದಿತ್ತು.

ಕರಡಚ್ಚು ತಿದ್ದುತ್ತಿದ್ದಾಗ ಎಲೆಕ್ಟ್ರಿಷಿಯನ್ ಫೋನು ಮಾಡಿದರು. ಅವರು ತಮ್ಮ ಅಮ್ಮಿಯ ಹತ್ತಿರ ಅವ್ವನ ಆ ಮಿಲ್ಲಿನ ಗೆಳತಿಯ ಬಗ್ಗೆ ವಿಚಾರಿಸಿದ್ದರು. "ಅವ್ರು ಅದಾರ್ರಿ ಮೇಡಂ. ನಮ್ಮ ಮಸೀದಿ ಹಿಂದಿನ ಗಲ್ಲಿ. ಅರಾಮ ಅದಾರ. ಮೊಣಕಾಲು ನೋವು ಅಷ್ಟೇ."

ಎರಡು ದಿನ ಅವ್ವನಿಗೆ ಹೇಳಲಿಲ್ಲ. ಅವ್ವ ಈಗ ಹೋಗಿಬಿಟ್ಟರೆ ನನ್ನ ಕೊನೆಯ ಅಧ್ಯಾಯ ಸುಳ್ಳಾಗುವುದಲ್ಲ ಎಂಬ ಯೋಚನೆ ಬಂದಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಮೂರನೆಯ ದಿನ ಹೇಳಿದೆ. ಅವ್ವ ಹೂಂ ಎಂದಳು, ಅಷ್ಟೇ. ಒಂದು ವಾರ ಆ ಮಾತು ಎತ್ತಲಿಲ್ಲ. ಮುಂದಿನ ಭಾನುವಾರ ಊಟ ಮುಗಿಸಿ ಕೈ ತೊಳೆಯುತ್ತ, "ನಡಿ, ಮೋಮಿನಪುರ ತೋರ್ಸು," ಎಂದಳು.

ಗಲ್ಲಿಯ ಬಾಯಿಯವರೆಗೆ ಜೊತೆಗಿದ್ದೆ. ಅಲ್ಲಿ ಅವ್ವ ನನ್ನನ್ನು ನಿಲ್ಲಿಸಿದಳು. "ನೀ ಇಲ್ಲೇ ಇರು," ಎಂದಳು. ಎದುರಿನ ಹೋಟೆಲಿನಲ್ಲಿ ಕೂತು ಎರಡು ಚಹಾ ಕುಡಿದೆ, ಅದೇ ಪೇಪರನ್ನು ಮೂರು ಸಲ ಓದಿದೆ. ಒಂದೂವರೆ ತಾಸಿನ ಮೇಲೆ ಇಬ್ಬರು ಮುದುಕಿಯರು ನಿಧಾನವಾಗಿ ಗಲ್ಲಿಯಿಂದ ಹೊರಗೆ ಬಂದರು. ಒಬ್ಬಾಕೆಗೆ ಮೊಣಕಾಲು ನೋವು, ಅವ್ವ ಆಕೆಯ ರಟ್ಟೆ ಹಿಡಿದಿದ್ದಳು. ಮಿಲ್ಲಿಗೆ ಯಾರೋ ಒಬ್ಬಳು ಯಾವ ಊರಿನಿಂದ ಬರುತ್ತಿದ್ದಳು ಎಂಬ ಬಗ್ಗೆ ಇಬ್ಬರದೂ ವಾದ. ಒಬ್ಬರು ಕನ್ನಡದಲ್ಲಿ, ಒಬ್ಬರು ದಖನಿಯಲ್ಲಿ. ಇಬ್ಬರೂ ಬಿಟ್ಟುಕೊಡುವ ಹಾಗೆ ಕಾಣಲಿಲ್ಲ.

"ಈಕಿ ನನ್ನ ಮಗಳು," ಅವ್ವ ತೋರಿಸಿದಳು. "ಕಮಲಾಪುರದಾಗ ಕಲಸ್ತಾಳ. ಮತ್ತ ಬರೀತಾಳ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಕ್ಯಾ ಲಿಖ್ತಿ?"

ಅವ್ವ ಒಂದು ಗಳಿಗೆ ಯೋಚಿಸಿ, "ಖರೇನೂ ಬರೀತಾಳ, ಸುಳ್ಳೂ ಬರೀತಾಳ," ಎಂದಳು.

ಒಳಗೆ ಏನಾಯಿತು, ಯಾರು ಮೊದಲು ಮಾತಾಡಿದರು, ಅವ್ವ ನಿಂತಿದ್ದಳೋ ಕೂತಿದ್ದಳೋ, ನಾನು ಕೇಳಲಿಲ್ಲ. ಅವ್ವನೂ ಹೇಳಲಿಲ್ಲ. ಕರಡಚ್ಚಿನಲ್ಲಿ ಅಕ್ಷರದೋಷ ಬಿಟ್ಟು ಬೇರೇನನ್ನೂ ತಿದ್ದದೆ ಮರುದಿನ ವಾಪಸು ಕಳಿಸಿದೆ.

ಆ ಗುರುವಾರ ಕಮಲಾಪುರದಿಂದ ಬರುವಷ್ಟರಲ್ಲಿ ಮನೆಗೆ ಬೀಗವಿತ್ತು. ಪಕ್ಕದ ಮನೆಯಾಕೆ ಕೀಲಿಕೈ ತಂದು ಕೊಟ್ಟರು.

"ನಿಮ್ಮವ್ವ ಮೋಮಿನಪುರಕ್ಕ ಹೋಗ್ಯಾರ್ರಿ. ಬರೋದು ತಡ ಆಗ್ತದಂತ. ರೊಟ್ಟಿ ನೀವೇ ಬಡ್ಕೋಬೇಕಂತ ಹೇಳ್ಯಾರ."